ಸಹಿ ಹಾಕುವ ಕೈಗೆ ಯೂನಿಯನ್ ಬೇಕೆ?

ಬದಿಯಡ್ಕದ ಕಡೆಯ ಓದುಗರೊಬ್ಬರ ಪತ್ರದ ಸಾರ: "ತಂಗಿಯ ಮಗ ವಿಮಾನ ನಿರ್ವಹಣೆಯ ಎಎಂಇ ಕೋರ್ಸು ಮುಗಿಸಿದ್ದಾನೆ. ಮೂರು ಕಡೆಯಿಂದ ಕರೆ ಬಂದಿದೆ. ಒಂದು, ಹೊಸೂರಿನ ಕಡೆಯ ಖಾಸಗಿ ಹ್ಯಾಂಗರ್ (ವಿಮಾನ ದುರಸ್ತಿಯ ಶೆಡ್). ಯೂನಿಯನ್ ಇಲ್ಲ, ತಿಂಗಳಿಗೆ 26,000, ಮೂರು ವರ್ಷದ ಬಾಂಡ್, ಜೊತೆಗೆ ಖಾಲಿ ಚೆಕ್ ಕೊಡಬೇಕಂತೆ. ಎರಡನೆಯದು ಕಣ್ಣೂರು ವಿಮಾನ ನಿಲ್ದಾಣದಲ್ಲಿ ಏಜೆನ್ಸಿ ಮೂಲಕ, 18,000, ಮನೆಗೆ ಹತ್ತಿರ. ಮೂರನೆಯದು ಸರ್ಕಾರಿ ಸ್ವಾಮ್ಯದ ಸಂಸ್ಥೆಯಲ್ಲಿ ಐದು ವರ್ಷದ ಗುತ್ತಿಗೆ, ಅಲ್ಲಿ ಯೂನಿಯನ್ ಇದೆ, ಆದರೆ ನಾಗಪುರಕ್ಕೆ ಹೋಗಬೇಕು. ಅಮೆರಿಕದ ಡೆಲ್ಟಾ ವಿಮಾನ ಕಂಪನಿಯಲ್ಲಿ ಯೂನಿಯನ್ ಇಲ್ಲದೆಯೇ ಮೆಕ್ಯಾನಿಕ್‌ಗಳಿಗೆ ಒಳ್ಳೆಯ ಸಂಬಳ ಎನ್ನುತ್ತಾರೆ. ಯೂನಿಯನ್ ಇರುವ ಕಡೆ ಸೇರಿಸುವುದೋ, ಇಲ್ಲದ ಕಡೆಯೋ?"

ಮಾನ್ಯರೇ,

ಮೊದಲು ನೇರ ಉತ್ತರ. ಮೂರನೆಯದು ಖಚಿತವಾಗಿ ಸಿಗುವುದಾದರೆ ನಾಗಪುರಕ್ಕೆ ಕಳಿಸಿ. ಅದು ತಪ್ಪಿದರೆ ಹೊಸೂರು, ಆದರೆ ಖಾಲಿ ಚೆಕ್ ಇಲ್ಲದೆ. ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಕಣ್ಣೂರು ಬೇಡ. ಈ ಲೆಕ್ಕದಲ್ಲಿ ಯೂನಿಯನ್‌ಗೆ ಪಾಲಿದೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ.

ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಯೂನಿಯನ್ ಎಂದೊಡನೆ ನೆನಪಾಗುವುದು ಪೇಟೆಯಲ್ಲಿ ಲಾರಿ ನಿಂತ ಕೂಡಲೇ ಹಾಜರಾಗುವ ಹೊರೆಯಾಳುಗಳ ತಂಡ. 2018ರ ಮೇ 1ರಿಂದ ನಿಷೇಧವಾದ ನೋಕ್ಕುಕೂಲಿಯ (ಹೊರೆ ಮುಟ್ಟದೆ ಬರೀ ನೋಡಿ ನಿಂತದ್ದಕ್ಕೆ ಕೇಳುವ ಕೂಲಿಯ) ಜಗಳಗಳನ್ನು ಇನ್ನೂ ಯಾರೂ ಮರೆತಿಲ್ಲ. ಆ ಚಿತ್ರವನ್ನು ಬದಿಗಿಡಿ. ವಿಮಾನದ ಕೆಲಸದಲ್ಲಿ ಯೂನಿಯನ್ ಬೆಲೆ ಗೊತ್ತಾಗುವುದು ಕೂಲಿಯ ದರದಲ್ಲಿ ಅಲ್ಲ, "ಇದಕ್ಕೆ ನಾನು ಸಹಿ ಹಾಕುವುದಿಲ್ಲ" ಎಂದು ಹೇಳಿದವನ ಮರುದಿನದ ಗತಿಯಲ್ಲಿ.

ಕೆಲಸ ಮುಗಿದ ವಿಮಾನವನ್ನು ಹಾರಾಟಕ್ಕೆ ಬಿಡುವ ಪ್ರಮಾಣಪತ್ರಕ್ಕೆ ಸಹಿ ಮಾಡುವವನು ಲೈಸೆನ್ಸ್ ಇರುವ ಎಂಜಿನಿಯರ್. ಲೈಸೆನ್ಸ್ ಕೊಡುವುದು ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ), ಅದು ಅವನ ಸ್ವಂತದ್ದು. ಅದರ ಮೇಲೆ ಕಂಪನಿ ಕೊಡುವ ಅಧಿಕಾರಪತ್ರ ಕಂಪನಿಯದ್ದು, ಕೆಲಸ ಬಿಟ್ಟ ದಿನ ಅದು ಮುಗಿಯುತ್ತದೆ. ಹಾಗಾಗಿ ತಪ್ಪು ಸಹಿಯ ಹೊಣೆ ಅವನ ಲೈಸೆನ್ಸಿನ ಮೇಲೆ ಬರುತ್ತದೆ. ಸಹಿ ನಿರಾಕರಿಸಿದರೆ ಕತ್ತರಿ ಬೀಳುವುದು ಅಧಿಕಾರಪತ್ರಕ್ಕೆ, ರೋಸ್ಟರಿಗೆ, ವರ್ಗಾವಣೆಗೆ.

ಒಂದು ಉದಾಹರಣೆ ನೋಡಿ. ಬೆಳಿಗ್ಗೆ ಆರಕ್ಕೆ ಹೊರಡುವ ವಿಮಾನ. ಪಾರ್ಕಿಂಗ್ ಬ್ರೇಕ್ ಹಾಕಿ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಬಿಟ್ಟರೆ ಬ್ರೇಕ್ ಸವೆತ ತೋರಿಸುವ ಸಣ್ಣ ಪಿನ್ ಕಾಣುತ್ತದೆ. ಪಿನ್ ಹೊರಗೆ ಚಾಚಿದ್ದರೆ ಬ್ರೇಕಿಗೆ ಇನ್ನೂ ಆಯಸ್ಸಿದೆ. ಬ್ರಾಕೆಟ್ಟಿನ ಮಟ್ಟಕ್ಕೆ ಸಮವಾಗಿದ್ದರೆ ಬದಲಿಸಬೇಕು. ಸಮವೋ, ಕೂದಲೆಳೆಯಷ್ಟು ಹೊರಗೋ ಎಂಬ ಹಂತದಲ್ಲಿ ಪಿನ್ ಇದೆ, ನಿಲ್ದಾಣದಲ್ಲಿ ಬದಲಿ ಬ್ರೇಕ್ ಇಲ್ಲ, ಫೋನಿನಲ್ಲಿ ಕಂಪನಿಯ ಮೇಂಟೆನೆನ್ಸ್ ಕಂಟ್ರೋಲ್ ಕಚೇರಿ "ಇನ್ನೊಂದು ಲ್ಯಾಂಡಿಂಗ್ ಆಗಲಿ ಮಾರಾಯ" ಎನ್ನುತ್ತಿದೆ. ಲಿಖಿತ ಒಪ್ಪಂದ ಇರುವ ಕಂಪನಿಯಲ್ಲಿ, ಆಗ ಬೇಡವೆಂದವನನ್ನು ಶಿಕ್ಷಿಸಬೇಕಾದರೆ ಆರೋಪಪತ್ರ, ವಿಚಾರಣೆ, ಜೊತೆಗೆ ಕೂರುವ ಸಂಘದ ಪ್ರತಿನಿಧಿ ಇಷ್ಟೂ ಆಗಬೇಕು. ಏಜೆನ್ಸಿಯ ಹುಡುಗನಿಗಾದರೆ "ನಾಳೆಯಿಂದ ಬರಬೇಡ" ಎಂಬ ಒಂದು ವಾಟ್ಸಾಪ್ ಸಂದೇಶ ಸಾಕು.

ಹಾಗೆಂದು ಯೂನಿಯನ್ ಇದ್ದ ಮಾತ್ರಕ್ಕೆ ಕೆಲಸ ಸುರಕ್ಷಿತ ಎಂದು ತಿಳಿಯಬೇಡಿ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಮುಂದಿನ ಗಾಜು ಆಕಾಶದಲ್ಲಿ ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟರು; ಪುಣ್ಯಕ್ಕೆ ಬದುಕಿದರು. ಗಾಜನ್ನು ಬಿಗಿದ 90 ಬೋಲ್ಟ್‌ಗಳಲ್ಲಿ 84 ಬೇಕಾದದ್ದಕ್ಕಿಂತ ಸುಮಾರು 0.026 ಇಂಚು ಸಪೂರದವು. ಆಳು ಸಾಲದ ರಾತ್ರಿ ಪಾಳಿಯಲ್ಲಿ ಶಿಫ್ಟ್ ಮ್ಯಾನೇಜರ್ ತಾವೇ ಗಾಜು ಕೂರಿಸಿದ್ದರು. ಬಿಡಿಭಾಗಗಳ ಪಟ್ಟಿ ನೋಡದೆ, ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ಕಣ್ಣಳತೆಯಲ್ಲಿ ಹೊಸದನ್ನು ಆರಿಸಿದ್ದರು. ಇನ್ನೊಬ್ಬರು ಮತ್ತೆ ಪರೀಕ್ಷಿಸಲೇಬೇಕಾದ ಕೆಲಸಗಳ ಪಟ್ಟಿಯಲ್ಲಿ ಮುಂದಿನ ಗಾಜು ಇರಲಿಲ್ಲ. ಅದು ಯೂನಿಯನ್ ಇದ್ದ ಕಂಪನಿಯೇ. ಪಾಳಿಗೆ ಎಷ್ಟು ಜನ ಎಂಬುದು ಒಪ್ಪಂದದಲ್ಲಿ ಬರದಿದ್ದರೆ ಸಂಘದ ಬೋರ್ಡು ಗೋಡೆಯ ಅಲಂಕಾರಕ್ಕಷ್ಟೇ.

ಆದ್ದರಿಂದ ಸಂದರ್ಶನದಲ್ಲಿ ಹುಡುಗ "ಯೂನಿಯನ್ ಇದೆಯೇ?" ಎಂದು ಕೇಳುವುದು ಬೇಡ, ಕೇಳಿದರೆ ಮುಖ ಸಿಂಡರಿಸುತ್ತಾರೆ. ರಾತ್ರಿ ಪಾಳಿಯಲ್ಲಿ ಒಬ್ಬ ಬಿ1 (ಎಂಜಿನ್ ಮತ್ತು ಯಾಂತ್ರಿಕ ಭಾಗಗಳ ಲೈಸೆನ್ಸ್ ಇರುವ) ಎಂಜಿನಿಯರಿಗೆ ಎಷ್ಟು ವಿಮಾನ, ಎಷ್ಟು ಟೆಕ್ನಿಷಿಯನ್‌ಗಳು ಎಂದು ಕೇಳಲಿ. ಪಾಳಿ ಬದಲಾಗುವಾಗ ಅರೆಬರೆ ಕೆಲಸವನ್ನು ಬರೆದು ಒಪ್ಪಿಸುತ್ತಾರೋ, ಬಾಯಿಮಾತಿನಲ್ಲೋ? ನಿರ್ವಹಣಾ ಸಂಸ್ಥೆಗಳಿಗೆ ಡಿಜಿಸಿಎ ಮಾಡಿದ ನಿಯಮ ಸಿಎಆರ್-145 ಪ್ರಕಾರ ಕೆಲಸ ಯೋಜಿಸುವಾಗ ಮನುಷ್ಯನ ಸಾಮರ್ಥ್ಯದ ಮಿತಿಯನ್ನು ಗಮನದಲ್ಲಿಡಬೇಕು, ಪಾಳಿಯ ಹಸ್ತಾಂತರ ಕ್ರಮಬದ್ಧವಾಗಿರಬೇಕು. ಇವನ್ನು ಕೇಳಿದರೆ ಯಾರಿಗೂ ತಪ್ಪು ತಿಳಿಯಲು ಕಾರಣವಿಲ್ಲ. ಉತ್ತರ ತಡವರಿಸಿತೋ, ಅಲ್ಲಿಯ ಪರಿಸ್ಥಿತಿ ಅರ್ಥವಾಗುತ್ತದೆ.

ಈಗ ಲಾಗ್‌ಬುಕ್. ಹುಡುಗನ ಮುಂದಿನ ಎರಡು ವರ್ಷದಲ್ಲಿ ಸಂಬಳಕ್ಕಿಂತ ದೊಡ್ಡ ಸಂಪಾದನೆ ಇದು. ಸಿಎಆರ್-147 (ತರಬೇತಿ ಸಂಸ್ಥೆಗಳ ನಿಯಮ) ಅಡಿ ಅನುಮೋದಿತ ಕೋರ್ಸು ಮಾಡಿದವನಿಗೂ ಬಿ1.1 (ಟರ್ಬೈನ್ ಎಂಜಿನಿನ ವಿಮಾನಗಳ) ಲೈಸೆನ್ಸಿಗೆ ಹಾರಾಟದಲ್ಲಿರುವ ವಿಮಾನಗಳ ಮೇಲೆ 2 ವರ್ಷದ ಅನುಭವ ಬೇಕು, ಅದೂ ನಾನಾ ಬಗೆಯ ಕೆಲಸಗಳಲ್ಲಿ ಹರಡಿರಬೇಕು. ಕಣ್ಣೂರಿನಂಥ ಲೈನ್ ಸ್ಟೇಷನ್‌ನಲ್ಲಿ (ಹಾರಾಟಗಳ ನಡುವೆ ವಿಮಾನ ನೋಡಿಕೊಳ್ಳುವ ಕಡೆ) ಏಜೆನ್ಸಿಯ ಸಹಾಯಕನಿಗೆ ಬಹುಪಾಲು ಸಿಗುವುದು ಟ್ರಾನ್ಸಿಟ್ ಚೆಕ್, ಎಣ್ಣೆ, ಗಾಳಿ, ಚಕ್ರ ಬದಲಾವಣೆ. ಎರಡು ವರ್ಷ ಅದನ್ನೇ ಬರೆದುಕೊಂಡರೆ ಫ್ಲೈಟ್ ಕಂಟ್ರೋಲ್, ರಚನಾ ದುರಸ್ತಿ, ಎಂಜಿನ್ ಬದಲಾವಣೆಯ ಪುಟಗಳೆಲ್ಲ ಖಾಲಿ. ಹ್ಯಾಂಗರಿನಲ್ಲಿ ಇದರ ತಿರುಗುಮುರುಗು: ಆರು ತಿಂಗಳು ಬರೀ ಪ್ಯಾನೆಲ್ ಬಿಚ್ಚುವುದು, ಸೀಟು ಕಳಚುವುದು. ಅಲ್ಲಿ ಸರದಿ ಬದಲಿಸಿಕೊಡಿ ಎಂದು ಕೇಳಿ ಪಡೆಯಬೇಕು. ಕೇಳಲು ಸಂಘ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೇಲ್ವಿಚಾರಕನ ಮನಸ್ಸು ಗೆಲ್ಲಬೇಕು.

ಪ್ರತಿ ನಮೂದಿಗೂ ದಿನಾಂಕ, ವಿಮಾನದ ನೋಂದಣಿ ಸಂಖ್ಯೆ, ಎಟಿಎ ಅಧ್ಯಾಯ (ವಿಮಾನದ ಯಾವ ಭಾಗ ಎಂದು ತಿಳಿಸುವ ಸಂಖ್ಯೆ), ಮಾಡಿದ ಕೆಲಸ, ಟಾಸ್ಕ್ ಕಾರ್ಡಿನ ಸಂಖ್ಯೆ, ಮೇಲುಸ್ತುವಾರಿಯ ಎಂಜಿನಿಯರನ ಸಹಿ ಮತ್ತು ಅವರ ಅಧಿಕಾರಪತ್ರದ ಸಂಖ್ಯೆ ಇರಲಿ. ವಾರಕ್ಕೊಮ್ಮೆ ಸಹಿ ಹಾಕಿಸಿಕೊಳ್ಳಬೇಕು. ಎರಡು ವರ್ಷದ್ದನ್ನು ಒಟ್ಟಿಗೆ ಹಾಕಿಸಿಕೊಳ್ಳೋಣ ಎಂದು ಕೂತರೆ, ಅಷ್ಟರಲ್ಲಿ ಸಹಿ ಹಾಕಬೇಕಾದವರು ದೋಹಾದಲ್ಲಿರುತ್ತಾರೆ. ಏಜೆನ್ಸಿ ನೌಕರರಿಗೆ ಇನ್ನೊಂದು ತೊಡಕು: ವಿಮಾನ ಕಂಪನಿ "ಅವನು ನಮ್ಮವನಲ್ಲ" ಎನ್ನುತ್ತದೆ, ಏಜೆನ್ಸಿಗೆ ಅನುಭವ ದೃಢೀಕರಿಸುವ ಅನುಮೋದನೆಯೇ ಇರುವುದಿಲ್ಲ. ಸೇರುವ ಮೊದಲೇ ಅನುಭವದ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಬಾಂಡ್‌ಗೆ ಬರೋಣ. ಬಾಂಡ್ ಎಂದರೆ ಸಂಕೋಲೆಯಲ್ಲ. ಬಿಟ್ಟು ಹೋಗುವವನನ್ನು ಯಾರೂ ಕಟ್ಟಿಹಾಕುವಂತಿಲ್ಲ. ಆದರೆ ಹಣ ಕೇಳಬಹುದು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ, ಅದರೊಳಗೆ ನ್ಯಾಯೋಚಿತ ಪರಿಹಾರ ಮಾತ್ರ. 2025ರ ಮೇಯಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ, ಹಾಗಾಗಿ "ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ" ಎಂಬ ಊರ ಮಾತನ್ನು ನಂಬಬೇಡಿ. ಮೊತ್ತ ವರ್ಷ ಕಳೆದಂತೆ ಇಳಿಯಬೇಕು, ಕಂಪನಿ ಕೊಡುವ ತರಬೇತಿ ಯಾವುದು ಎಂದು ಹೆಸರಿಸಿರಬೇಕು. ಟೈಪ್ ಕೋರ್ಸು (ಒಂದು ನಿರ್ದಿಷ್ಟ ಮಾದರಿಯ ವಿಮಾನದ ತರಬೇತಿ) ಕೊಟ್ಟು ಬಾಂಡ್ ಕೇಳಿದರೆ ಅದಕ್ಕೊಂದು ಅರ್ಥವಿದೆ. ಏನೂ ಕೊಡದೆ ಕೇಳಿದರೆ ಅದು ಅಗ್ಗದ ಆಳನ್ನು ಹಿಡಿದಿಡುವ ಉಪಾಯ.

ಖಾಲಿ ಚೆಕ್ ಮಾತ್ರ ಖಂಡಿತ ಬೇಡ. ಬಾಂಡ್ ಸಿವಿಲ್ ವ್ಯಾಜ್ಯ, ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್, ಕ್ರಿಮಿನಲ್ ಕೇಸು. ಅಂಥದ್ದೊಂದು ಕೇಸು ತಲೆಯ ಮೇಲಿದ್ದರೆ ಗಲ್ಫಿಗೆ ಹೊರಡುವ ಹೊತ್ತಿಗೆ ಕಾಗದಪತ್ರದಲ್ಲೇ ಸಿಕ್ಕಿಬೀಳುತ್ತಾನೆ. ಅಸಲು ಅಂಕಪಟ್ಟಿಗಳನ್ನೂ ಒಪ್ಪಿಸಬೇಡಿ. ಪರಿಶೀಲನೆಗೆ ತೋರಿಸಿ, ಪ್ರತಿ ಕೊಡಿ.

ರೋಸ್ಟರನ್ನು ಗುಣಿಸಿ ನೋಡಿ. 12 ಗಂಟೆಯ ಪಾಳಿ, ನಾಲ್ಕು ದಿನ ಕೆಲಸ ಎರಡು ದಿನ ರಜೆ ಎಂದರೆ ಸರಾಸರಿ ವಾರಕ್ಕೆ 56 ಗಂಟೆ. ನಾಲ್ಕು ಕೆಲಸ ನಾಲ್ಕು ರಜೆ ಎಂದರೆ 42. ಕಾನೂನಿನ ಮಿತಿ 48, ಮೀರಿದ್ದಕ್ಕೆ ಎರಡು ಪಟ್ಟು ಕೂಲಿ. 56ರ ರೋಸ್ಟರಿನಲ್ಲಿ ವಾರದ ಆ 8 ಗಂಟೆ ಸಂಬಳದ ಚೀಟಿಯಲ್ಲಿ ಎಲ್ಲಿದೆ ಎಂದು ಹುಡುಕಿದರೆ ಯೂನಿಯನ್ ಇಲ್ಲದ ಎಷ್ಟೋ ಕಡೆ ಅದು "ಶಿಫ್ಟ್ ಭತ್ಯೆ" ಎಂಬ ಹೆಸರಿನಲ್ಲಿ ಕರಗಿಹೋಗಿರುತ್ತದೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಮಗೆ ಉಪಯೋಗವಾಗುವ ಅಂಶಗಳಿವೆ. ನೇಮಕಾತಿ ಪತ್ರ ಕಡ್ಡಾಯ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಹೆಚ್ಚುವರಿಯನ್ನು ವೇತನಕ್ಕೇ ಸೇರಿಸಬೇಕು. ಅವಧಿ ಗುತ್ತಿಗೆಯವನಿಗೆ ಒಂದು ವರ್ಷ ತುಂಬಿದರೆ ಗ್ರಾಚ್ಯುಟಿ. ಹೊಸೂರಿನದ್ದೂ ಅವಧಿ ಗುತ್ತಿಗೆಯಾಗಿದ್ದು, 26,000ದಲ್ಲಿ ಕನಿಷ್ಠ 13,000 ವೇತನವೆಂದು ಹಿಡಿದರೆ ವರ್ಷಕ್ಕೆ 13,000ದ 15/26, ಅಂದರೆ 7,500 ರೂಪಾಯಿ. ಸಣ್ಣ ಮೊತ್ತವೇ, ಆದರೆ ಬಿಡುವಾಗ ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ. ಸರ್ಕಾರಿ ಸಂಸ್ಥೆಯೆಂದು ಕಾಯಂ ಎಂದುಕೊಳ್ಳಬೇಡಿ; ಅಲ್ಲಿಯ ಐದು ವರ್ಷವೂ ಅವಧಿ ಗುತ್ತಿಗೆಯೇ, ಸಂಘದ ಹಳೆಯ ಒಪ್ಪಂದದ ಸವಲತ್ತುಗಳೆಲ್ಲ ಅವನಿಗೆ ಅನ್ವಯಿಸಬೇಕೆಂದಿಲ್ಲ. ಆದರೂ ಅದನ್ನು ಮುಂದಿಡುವುದು ದೊಡ್ಡ ವಿಮಾನಗಳ ಪೂರ್ಣ ಚೆಕ್ ಕೆಲಸ ಮತ್ತು ದಾಖಲೆಯ ಶಿಸ್ತಿನ ಕಾರಣಕ್ಕೆ.

ಸಂಘಟನೆಯ ಬಲ ಎಷ್ಟು, ದೌರ್ಬಲ್ಯ ಎಷ್ಟು ಎಂಬುದಕ್ಕೆ ನಮ್ಮ ಮಗ್ಗುಲಲ್ಲೇ ನಿದರ್ಶನವಿದೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ನಡೆದ ವಿಮಾನ ದುರಂತದಲ್ಲಿ 158 ಜನ ಹೋದರು, ಎಷ್ಟೋ ಮಂದಿ ನಮ್ಮ ಜಿಲ್ಲೆಯವರು. ಮೂರೇ ದಿನದಲ್ಲಿ, ಮೇ 25ರಂದು, ಏರ್ ಇಂಡಿಯಾದ ಎಂಜಿನಿಯರುಗಳು ಮತ್ತು ನೆಲಸಿಬ್ಬಂದಿ ಮುಷ್ಕರಕ್ಕಿಳಿದರು. ಮಾಧ್ಯಮದವರೊಡನೆ ಮಾತಾಡಬಾರದೆಂಬ ಆಡಳಿತದ ಆದೇಶ ಜಗಳದ ಮೂಲ. ದೆಹಲಿ ಹೈಕೋರ್ಟಿನ ಆದೇಶದ ನಂತರ ಮರುದಿನವೇ ಮುಷ್ಕರ ನಿಂತಿತು. ಆಡಳಿತ ಹಲವರನ್ನು ವಜಾ ಮಾಡಿ ಎರಡು ಸಂಘಗಳ ಮಾನ್ಯತೆ ಹಿಂತೆಗೆಯಿತು. ಸಾಗುವಳಿ ಮಾಡದ ಗದ್ದೆಯಲ್ಲಿ ಕೊಯ್ಲಿಗೆ ಇಳಿದಂತಾಯಿತು ಅದು. ಊರಿಗೆ ಊರೇ ಶೋಕದಲ್ಲಿದ್ದಾಗ ಜನರ ಬೆಂಬಲ ಎಲ್ಲಿಂದ ಬರಬೇಕು? ಇನ್ನೊಂದು ಕಡೆ, 2022ರ ಜುಲೈಯಲ್ಲಿ ಇಂಡಿಗೋದ ಟೆಕ್ನಿಷಿಯನ್‌ಗಳು ಕಡಿಮೆ ಸಂಬಳ ಪ್ರತಿಭಟಿಸಿ ಸಾಮೂಹಿಕವಾಗಿ ಕಾಯಿಲೆ ರಜೆ ಹಾಕಿದರು. ಈಗಿನ ಸಂಹಿತೆಯಲ್ಲಿ ಅರ್ಧಕ್ಕರ್ಧ ಕಾರ್ಮಿಕರು ಒಟ್ಟಾಗಿ ಕ್ಯಾಶುವಲ್ ರಜೆ ಹಾಕಿದರೂ ಮುಷ್ಕರವೇ, ಮುಷ್ಕರಕ್ಕೆ 14 ದಿನದ ನೋಟಿಸು ಬೇಕು. ಬದಲಿಗೆ ಶೇ. 51 ಸದಸ್ಯರಿರುವ ಸಂಘಕ್ಕೆ ಮಾತುಕತೆಯ ಹಕ್ಕು ಕಾನೂನಿನಿಂದಲೇ ಸಿಗುತ್ತದೆ.

ಡೆಲ್ಟಾದ ಮಾತು ನಿಜವೇ, ಆದರೆ ಅರ್ಧ. ಯುನೈಟೆಡ್, ಅಮೆರಿಕನ್, ಸೌತ್‌ವೆಸ್ಟ್‌ನ ಮೆಕ್ಯಾನಿಕ್‌ಗಳಿಗೆ ಯೂನಿಯನ್ ಒಪ್ಪಂದ ಇರುವುದರಿಂದಲೇ ಡೆಲ್ಟಾ ಅವರಿಗೆ ಸರಿಸಮ ಕೊಡಬೇಕಾಗುತ್ತದೆ. ಕೊಡದಿದ್ದರೆ ಅಲ್ಲಿಗೂ ಸಂಘ ಬರುತ್ತದೆ. ಯೂನಿಯನ್ ಸೋತದ್ದೂ ಉಂಟು. ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಸುಮಾರು 4,400 ಮೆಕ್ಯಾನಿಕ್ ಮತ್ತಿತರರು 2005ರ ಆಗಸ್ಟ್ 20ರಂದು ಮುಷ್ಕರ ಹೂಡಿದಾಗ ಕಂಪನಿ ಮೊದಲೇ ಬದಲಿ ಆಳುಗಳನ್ನು ಸಜ್ಜು ಮಾಡಿಟ್ಟಿತ್ತು. ಇನ್ನು ಯೂನಿಯನ್ ಇರುವೆಡೆ ಸೀನಿಯಾರಿಟಿಯೇ ದೇವರು: ಪಾಳಿ, ರಜೆ, ಓಟಿ ಎಲ್ಲ ಸೇವಾವಧಿಯ ಕ್ರಮದಲ್ಲಿ. ಹೊಸಬನಿಗೆ ವರ್ಷಗಟ್ಟಲೆ ರಾತ್ರಿ ಪಾಳಿ, ಹಬ್ಬದ ದಿನದ ಡ್ಯೂಟಿ. ಚುರುಕಿನ ಹುಡುಗರಿಗೆ ಇದು ಕಹಿ ಎನಿಸುವುದು ಸಹಜ.

ಕೊನೆಗೆ ಅವನು ಹೋಗಬಯಸುವುದು ಗಲ್ಫಿಗೇ ಅಲ್ಲವೇ? ಯುಎಇಯಲ್ಲಿ ಕಾರ್ಮಿಕ ಸಂಘವೂ ಇಲ್ಲ, ಮುಷ್ಕರವೂ ಇಲ್ಲ. ಆದರೆ ಲೆಕ್ಕ ಸ್ಪಷ್ಟ: ವಾರಕ್ಕೆ 48 ಗಂಟೆ, ಓಟಿಗೆ ಮೂಲವೇತನದ ಕಾಲು ಭಾಗ ಹೆಚ್ಚು, ರಾತ್ರಿ 10ರಿಂದ 4ರವರೆಗಾದರೆ ಅರ್ಧ ಹೆಚ್ಚು (ಪಾಳಿಯ ನೌಕರರಿಗೆ ರಾತ್ರಿಯ ದರ ಅನ್ವಯಿಸದು). ಬಿಡುವಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನದಕ್ಕೆ 30 ದಿನದ ಮೂಲವೇತನ. ಅಲ್ಲಿ ಅವನನ್ನು ಕಾಯುವುದು ಸಂಘವಲ್ಲ, ಲೈಸೆನ್ಸ್ ಮತ್ತು ಟೈಪ್ ರೇಟಿಂಗ್. ಲೈಸೆನ್ಸಿನ ಹಕ್ಕು ಚಲಾಯಿಸಲು ಹಿಂದಿನ 2 ವರ್ಷದಲ್ಲಿ 6 ತಿಂಗಳ ಅನುಭವ ಬೇಕು ಎಂಬುದು ನೆನಪಿರಲಿ. ಬಾಂಡ್ ಜಗಳದಲ್ಲಿ ಮನೆಯಲ್ಲಿ ಕೂತರೆ ಅದೂ ಹೋಗುತ್ತದೆ.

ದೂರು ಕೊಡುವ ಪ್ರಸಂಗ ಬಂದರೆ ಎಲ್ಲಿಗೆ ಎಂಬುದೂ ತಿಳಿದಿರಲಿ. ವಿಮಾನ ಸಾರಿಗೆ ಸಂಸ್ಥೆಗಳ ವಿಷಯದಲ್ಲಿ ಸಂಬಂಧಪಟ್ಟ ಸರ್ಕಾರ ಕೇಂದ್ರದ್ದು. ಕಣ್ಣೂರಿನ ಕೆಲಸದ ದೂರನ್ನು ಕಾಸರಗೋಡಿನ ಜಿಲ್ಲಾ ಕಾರ್ಮಿಕ ಕಚೇರಿಗೆ ಒಯ್ದರೆ ವಾಪಸು ಕಳಿಸುತ್ತಾರೆ. ಹೋಗಬೇಕಾದ್ದು ಕೇಂದ್ರ ಕಾರ್ಮಿಕ ಆಯುಕ್ತರ ಪ್ರಾದೇಶಿಕ ಕಚೇರಿಗೆ. ಹೊಸೂರಿನ ಖಾಸಗಿ ಹ್ಯಾಂಗರಾದರೆ ಸಾಮಾನ್ಯವಾಗಿ ತಮಿಳುನಾಡಿನ ಕಾರ್ಮಿಕ ಇಲಾಖೆ. ಇನ್ನೊಂದು ಗೋಜಲು: ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು 18,000ಕ್ಕಿಂತ ಹೆಚ್ಚು ಸಂಬಳ ಪಡೆಯುವವನು ಕಾನೂನಿನ ಅರ್ಥದಲ್ಲಿ "ಕಾರ್ಮಿಕ"ನಲ್ಲ. ಟೆಕ್ನಿಷಿಯನ್ ಆಗಿರುವಷ್ಟು ಕಾಲ ಹುಡುಗನಿಗೆ ಈ ತಕರಾರಿಲ್ಲ. ಲೈಸೆನ್ಸ್ ಬಂದು ಸಹಿ ಹಾಕತೊಡಗಿದ ಮೇಲೆ ಕಂಪನಿ ಅವನನ್ನು ಮೇಲ್ವಿಚಾರಕ ಎನ್ನುತ್ತದೆ, ಅವನು ಸ್ಪಾನರ್ ಹಿಡಿದ ಕಾರ್ಮಿಕ ಎನ್ನುತ್ತಾನೆ, ನ್ಯಾಯಾಲಯ ಅವನು ದಿನವಿಡೀ ನಿಜವಾಗಿ ಏನು ಮಾಡುತ್ತಾನೆಂದು ನೋಡುತ್ತದೆ. ಎಂಜಿನಿಯರುಗಳದ್ದೂ ಟೆಕ್ನಿಷಿಯನ್‌ಗಳದ್ದೂ ಬೇರೆ ಬೇರೆ ಸಂಘಗಳಿರುವುದಕ್ಕೆ ಇದೂ ಒಂದು ಕಾರಣ.

ಪ್ರೊಬೇಶನ್ ಮುಗಿಯುವ ಮೊದಲು ಸದಸ್ಯನಾಗಬಹುದೇ ಎಂದರೆ, ಕಾನೂನಿನಲ್ಲಿ ಅಡ್ಡಿಯಿಲ್ಲ. ಸದಸ್ಯತ್ವದ ಕಾರಣಕ್ಕೆ ತೆಗೆದುಹಾಕುವುದು ಅನುಚಿತ ಕಾರ್ಮಿಕ ಪದ್ಧತಿ. ಆದರೆ ಪ್ರೊಬೇಶನ್‌ನಲ್ಲಿ ತೆಗೆಯುವವರು ಆ ಕಾರಣವನ್ನು ಬರೆಯುವುದಿಲ್ಲ, "ಕೆಲಸ ತೃಪ್ತಿಕರವಾಗಿಲ್ಲ" ಎಂದು ಬರೆಯುತ್ತಾರೆ. ಕಾಯಂ ಪತ್ರ ಕೈಗೆ ಬಂದ ಮೇಲೆ ಚಂದಾ ಕಟ್ಟಲಿ, ರಸೀದಿ ಇಟ್ಟುಕೊಳ್ಳಲಿ.

ಸಂ.