ಜೋತುಬಿದ್ದ ರೆಪ್ಪೆಗೆ ಯಾವ ವೈದ್ಯರು?

ಪ್ರಶ್ನೆ: ನಮ್ಮ ತಾಯಿಗೆ 66 ವರ್ಷ. ಎರಡು ವರ್ಷಗಳಿಂದ ಅವರ ಬಲಗಣ್ಣಿನ ಮೇಲ್ರೆಪ್ಪೆ ಜೋತುಬೀಳುತ್ತಿದೆ. ಸಂಜೆಯ ಹೊತ್ತಿಗೆ ಇನ್ನಷ್ಟು ಇಳಿಯುತ್ತದೆ. ಪತ್ರಿಕೆ ಓದಬೇಕಾದರೆ ಗದ್ದ ಎತ್ತಿಕೊಳ್ಳುತ್ತಾರೆ. ಆ ಕಣ್ಣಿಗೆ ಹಿಂದೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ. ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಿ ಎಂದು ಕೆಲವರು, ಪೊರೆ ತೆಗೆದ ವೈದ್ಯರೇ ಸಾಕು ಎಂದು ಕೆಲವರು ಹೇಳುತ್ತಾರೆ. ಯಾರ ಬಳಿ ಹೋಗಬೇಕು?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ನೀವು ಕಾಣಬೇಕಾದುದು ಆಕ್ಯುಲೋಪ್ಲಾಸ್ಟಿಕ್ ಸರ್ಜನ್ ಅವರನ್ನು, ಅಂದರೆ ನೇತ್ರಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ರೆಪ್ಪೆ, ಕಣ್ಣೀರಿನ ನಾಳ ಹಾಗೂ ಕಣ್ಣುಗುಳಿಯ ಶಸ್ತ್ರಚಿಕಿತ್ಸೆಯಲ್ಲಿಯೇ ಪ್ರತ್ಯೇಕ ತರಬೇತಿ ಹೊಂದಿದವರನ್ನು. ಆದರೆ ಶಸ್ತ್ರಚಿಕಿತ್ಸೆಯ ಮಾತಿಗೆ ಮೊದಲೇ, ಸಂಜೆ ರೆಪ್ಪೆ ಹೆಚ್ಚು ಇಳಿಯುತ್ತದೆ ಎಂದು ನೀವು ಬರೆದಿರುವುದನ್ನು ನಾನು ಹಗುರವಾಗಿ ಬಿಡಲಾರೆ. ವಯೋಸಹಜವಾಗಿ ಜೋತ ರೆಪ್ಪೆಯೂ ದಣಿವಿನಿಂದ ಸಂಜೆ ತುಸು ಇಳಿಯುವುದುಂಟು. ಆದರೆ ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಮಯಸ್ತೇನಿಯಾ ಗ್ರಾವಿಸ್ ಎಂಬ ಕಾಯಿಲೆಯ ಮುಖ್ಯ ಲಕ್ಷಣವೂ ಇದೇ. ತಾಯಿಯವರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆಯೇ, ನುಂಗಲು ಕಷ್ಟವಾಗುತ್ತದೆಯೇ, ಮಾತನಾಡುತ್ತ ಹೋದಂತೆ ದನಿ ಕುಗ್ಗುತ್ತದೆಯೇ ಎಂದು ಕೇಳಿ ನೋಡಿ. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟು ಅದು ಏರುವುದೇ ಎಂದು ವೈದ್ಯರು ಪರೀಕ್ಷಿಸುತ್ತಾರೆ, ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಆ ಕಾಯಿಲೆಯೇ ಆಗಿದ್ದರೆ ಮೊದಲು ಬೇಕಾಗುವುದು ನರರೋಗ ತಜ್ಞರ ಔಷಧ, ಕತ್ತರಿಯಲ್ಲ.

ಅದಲ್ಲವೆಂದಾದರೆ, ರೆಪ್ಪೆಯನ್ನು ಎತ್ತುವ ಸ್ನಾಯುವಿನ ತುದಿಯ ಪದರ ಸಡಿಲಗೊಂಡಿರುವ ಸಾಧ್ಯತೆ ಹೆಚ್ಚು; ಪೊರೆಯ ಶಸ್ತ್ರಚಿಕಿತ್ಸೆಯ ನಂತರವೂ ಹೀಗಾಗುವುದುಂಟು. ಪಾಪೆಯ ನಡುವಿನಿಂದ ಮೇಲ್ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಅಂತರವಿರುತ್ತದೆ. ಒಳ್ಳೆಯ ತಜ್ಞರು ಇದನ್ನು ಅಳೆಯುತ್ತಾರೆ, ಕೆಳಗೆ ಮೇಲೆ ನೋಡುವಾಗ ರೆಪ್ಪೆ ಎಷ್ಟು ಚಲಿಸುತ್ತದೆಂದು ಗುರುತು ಹಾಕಿಕೊಳ್ಳುತ್ತಾರೆ, ಕಣ್ಣು ಒಣಗಿದೆಯೇ ಎಂಬುದನ್ನೂ ನೋಡುತ್ತಾರೆ. ರೆಪ್ಪೆಯನ್ನು ಅಗತ್ಯಕ್ಕಿಂತ ಮೇಲೆತ್ತಿದರೆ ನಿದ್ರೆಯಲ್ಲಿ ಕಣ್ಣು ಪೂರ್ತಿ ಮುಚ್ಚದೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಒಣಗಿ ಹುಣ್ಣಾಗಬಹುದು; ನಾನು ನೇತ್ರಶಾಸ್ತ್ರ ಓದಿದ ಸರ್ಜನ್ ಬೇಕೆನ್ನುವುದು ಈ ಕಾರಣಕ್ಕೆ. ರೆಪ್ಪೆಯ ಮೇಲಿನ ಹೆಚ್ಚುವರಿ ಚರ್ಮವನ್ನಷ್ಟೇ ತೆಗೆಯುವುದಾದರೆ ಅನುಭವಿ ಪ್ಲಾಸ್ಟಿಕ್ ಸರ್ಜನ್ ಕೂಡ ಸರಿಯೇ, ಆದರೆ ಚರ್ಮ ತೆಗೆದ ಮಾತ್ರಕ್ಕೆ ಜೋತ ರೆಪ್ಪೆ ಏರುವುದಿಲ್ಲ.

ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದೀರಿ, ಎರಡು ರೆಪ್ಪೆಗಳ ಎತ್ತರ ಸರಿಹೊಂದದಿದ್ದರೆ ಮತ್ತೆ ಸರಿಪಡಿಸುವಿರಾ, ಒಂದನ್ನು ಎತ್ತಿದಾಗ ಇನ್ನೊಂದು ಕಣ್ಣಿನ ರೆಪ್ಪೆ ಇಳಿಯುವ ಸಾಧ್ಯತೆಯನ್ನು ಪರೀಕ್ಷಿಸಿದ್ದೀರಾ ಎಂದು ಸಂಕೋಚವಿಲ್ಲದೆ ಕೇಳಿ. ರೆಪ್ಪೆ ಹಠಾತ್ತನೆ ಇಳಿದು ತೀವ್ರ ತಲೆನೋವು ಬಂದರೆ, ಅಥವಾ ಪಾಪೆ ಹಿಗ್ಗಿದಂತೆ ಕಂಡರೆ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಭೇಟಿಗೆ ಹೋಗುವಾಗ ತಾಯಿಯವರ ಹತ್ತು ವರ್ಷ ಹಿಂದಿನ ಒಂದು ಸ್ಪಷ್ಟ ಭಾವಚಿತ್ರವನ್ನೂ ಈಗ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆಗಳಿದ್ದರೆ ನೀವಾಗಿಯೇ ನಿಲ್ಲಿಸಬೇಡಿ.