ಮಾಯಾ ಏಂಜೆಲೊ ಕುರಿತ ಲೇಖನವನ್ನು ಹಿಂದಿರುಗಿಸುತ್ತಾ

ಮಾನ್ಯರೇ,

ಆಫ್ರಿಕನ್-ಅಮೆರಿಕನ್ ಲೇಖಕಿ ಮಾಯಾ ಏಂಜೆಲೊ ಅವರ ಆತ್ಮಕಥನದ ಮೊದಲ ಮೂರು ಸಂಪುಟಗಳನ್ನು ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ನೀವು ಮೂಲವನ್ನು ನಿಜವಾಗಿಯೂ ಓದಿಯೇ ಬರೆದಿದ್ದೀರಿ ಎಂಬುದು ಗೊತ್ತಾಗುವುದರಿಂದ, ಎರಡು ಸಾಲಿನ ವಿಷಾದದ ಮಾತಿಗೆ ಬದಲಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲ ಪುಟದಲ್ಲೇ ನೀವು ಅವರಿಗೆ 'ಅದಮ್ಯ ಚೇತನ', 'ತ್ಯಾಗಮಯಿ', 'ಮಾತೃಹೃದಯಿ' ಎಂದು ಮೂರು ಬಿರುದು ಕೊಟ್ಟಿದ್ದೀರಿ. 1945ರಲ್ಲಿ, ಇನ್ನೂ ಹದಿಹರೆಯದಲ್ಲಿ, ಮದುವೆಯಿಲ್ಲದೆ ಹೆತ್ತ ಮಗುವನ್ನು ಮುಟ್ಟುವುದಕ್ಕೇ ಅಂಜುತ್ತಿದ್ದ ಹುಡುಗಿ ಅವರು. 1969ರ ಮೊದಲ ಸಂಪುಟದ ಕೊನೆಯಲ್ಲಿ, ಮೂರು ವಾರದ ಕೂಸನ್ನು ಏಂಜೆಲೊ ಅವರ ತಾಯಿ ಒತ್ತಾಯದಿಂದ ಇವರ ಪಕ್ಕ ಮಲಗಿಸುತ್ತಾರೆ. ನಿದ್ದೆಯಲ್ಲಿ ಹೊರಳಿ ಎಲ್ಲಿ ಮಗುವನ್ನು ಅಪ್ಪಚ್ಚಿ ಮಾಡಿಬಿಡುತ್ತೇನೋ ಎಂಬ ಭಯದಲ್ಲೇ ಇವರಿಗೆ ಕಣ್ಣು ಹತ್ತುತ್ತದೆ. ನಡುರಾತ್ರಿ ತಾಯಿ ಎಬ್ಬಿಸಿ ತೋರಿಸಿದಾಗ, ಇವರ ಮಡಿಸಿದ ಮೊಣಕೈ ಮೇಲೆ ಹೊದಿಕೆ ಡೇರೆಯಂತೆ ನಿಂತಿದೆ, ಅದರಡಿ ಮಗು ಸುಖವಾಗಿ ಮಲಗಿದೆ. ಇಂಥ ದೃಶ್ಯ ಕೈಯಲ್ಲಿರುವಾಗ ಬಿರುದುಗಳ ಹಿಂದೆ ಏಕೆ ಹೋದಿರೋ ನನಗೆ ತಿಳಿಯಲಿಲ್ಲ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ತಾಯ್ತನಕ್ಕೆ ನಾಲ್ಕು ಪುಟ, ರಂಗಕ್ಕೆ ನಾಲ್ಕು ಪುಟ ಎಂದು ನೀವು ಪಾಲು ಮಾಡಿಬಿಟ್ಟಿದ್ದೀರಿ. ಆ ಕಥನದಲ್ಲಾದರೋ ಒಂದು ಇನ್ನೊಂದರ ಬೆಲೆ ತೆರುತ್ತದೆ. 1954ರಲ್ಲಿ 'ಪೋರ್ಗಿ ಅಂಡ್ ಬೆಸ್' ಸಂಗೀತ ನಾಟಕದ ತಂಡದೊಡನೆ ಯುರೋಪಿಗೆ ಹೊರಟಾಗ, ಅವರು ಒಂಬತ್ತರ ಮಗನನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮ್ಮ ತಾಯಿಯ ಬಳಿ ಬಿಟ್ಟುಹೋದರು. 'ಮಗನ ಭವಿಷ್ಯಕ್ಕಾಗಿ ಹೊರಟರು' ಎಂದು ನೀವು ಬರೆದಿರುವುದು ಅವರನ್ನು ಕಾಪಾಡುವ ಮಾತು. ಅವರಿಗೆ ಹೋಗುವ ಆಸೆಯಿತ್ತು, ಕುಣಿಯುವುದರಲ್ಲಿ ಸುಖವಿತ್ತು, ಮತ್ತು ಆ ಸುಖದ ಜೊತೆಗೇ ತಪ್ಪಿತಸ್ಥ ಭಾವವೂ ಇತ್ತು. ಮೂರು ವರ್ಷದವರಿದ್ದಾಗ ಅವರನ್ನೂ ಅಣ್ಣನನ್ನೂ ಹೆತ್ತವರು ಅರ್ಕನ್ಸಾಸ್‌ನ ಸ್ಟ್ಯಾಂಪ್ಸ್ ಎಂಬ ಊರಿನ ಅಜ್ಜಿಯ ಮನೆಗೆ ರೈಲು ಹತ್ತಿಸಿ ಕಳಿಸಿದ್ದರು. ತಾವು ಪಟ್ಟ ಆ ನೋವನ್ನೇ ತಮ್ಮ ಮಗನಿಗೂ ಕೊಡುತ್ತಿದ್ದೇನೆ ಎಂಬ ಅರಿವು ಮೂರನೆಯ ಸಂಪುಟದುದ್ದಕ್ಕೂ ಅವರನ್ನು ಬಿಡುವುದಿಲ್ಲ. ಮಗನಿಗೆ ತೀವ್ರ ಚರ್ಮರೋಗ ಹತ್ತಿದ ಸುದ್ದಿ ಕೇಳಿ ಪ್ರವಾಸ ಬಿಟ್ಟು ಮರಳಿದ್ದು ಆ ಕಾರಣಕ್ಕೇ. ನಿಮ್ಮಲ್ಲಿ ಇದಕ್ಕೆ ಸಿಕ್ಕಿರುವುದು ಒಂದೂವರೆ ಸಾಲು, ಆಹಾರ ಮತ್ತು ಉಡುಪಿನ ವರ್ಣನೆಗೆ ಎರಡು ಪ್ಯಾರಾ.

'ಮಾಯಾ ಏಂಜೆಲೊ' ಹುಟ್ಟಿನಿಂದ ಬಂದ ಹೆಸರಲ್ಲ, ತಿದ್ದಿಕೊಳ್ಳಿ. ಮಾರ್ಗರಿಟ್ ಜಾನ್ಸನ್ ಎಂಬಾಕೆಗೆ ಅಣ್ಣ ಬೈಲಿ ಕರೆಯುತ್ತಿದ್ದ ಅಡ್ಡಹೆಸರೂ ಗ್ರೀಕ್ ಮೂಲದ ಗಂಡನ ಮನೆತನದ ಹೆಸರೂ ಸೇರಿ, ಸ್ಯಾನ್ ಫ್ರಾನ್ಸಿಸ್ಕೋದ ಪರ್ಪಲ್ ಆನಿಯನ್ ಕ್ಲಬ್ಬಿನಲ್ಲಿ ಕ್ಯಾಲಿಪ್ಸೊ ಎಂಬ ಕೆರಿಬಿಯನ್ ಹಾಡುಗಳನ್ನು ಹಾಡುವ ಕಾಲಕ್ಕೆ ಆದ ರಂಗನಾಮ ಅದು. ಶೀರ್ಷಿಕೆಯಲ್ಲಿರುವ 'ಕಪ್ಪು ಸುಂದರಿ'ಯನ್ನಂತೂ ದಯವಿಟ್ಟು ತೆಗೆದುಹಾಕಿ. ಅದನ್ನು ಓದಿದಾಗ ನನಗೆ ಮುಜುಗರವಾಯಿತು.

ಎಂಟು ಪುಟವನ್ನು ಐದಕ್ಕೆ ಇಳಿಸಿ, ಮಗನನ್ನು ಬಿಟ್ಟು ಹೊರಟ ಆ ಪ್ರಸಂಗದಿಂದಲೇ ಆರಂಭಿಸಿ ಮತ್ತೆ ಕಳಿಸುವುದಾದರೆ, ನಾನೇ ಓದುತ್ತೇನೆ.

ಇತಿ,
ಸಂಪಾದಕ