ಬಡ್ಡಿ ಸಾಲಕ್ಕೂ ಸಮಾಜಶಾಸ್ತ್ರಕ್ಕೂ ಏನು ಸಂಬಂಧ?

ಪ್ರಶ್ನೆ: ನಾನು ಹಾವೇರಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಕುಟುಂಬ, ಧರ್ಮ, ಶಿಕ್ಷಣ, ಸರಕಾರದಂಥ ಸಾಮಾಜಿಕ ಸಂಸ್ಥೆಗಳು ಸಮಾಜದ ಮೂಲ ಅಗತ್ಯ ಪೂರೈಸುತ್ತವೆ ಅಂತ ಪಾಠದಲ್ಲಿದೆ. ಊರಲ್ಲಿ ಒಳ್ಳೆಯ ಜನ ಇದ್ದರೆ ಸಾಲದಾ? ಸಂಸ್ಥೆ ಯಾಕೆ ಬೇಕು?

ಉತ್ತರ: ಒಳ್ಳೆಯ ಜನ ಬೇಕೇ ಬೇಕು. ಆದರೆ ಬಿತ್ತನೆ ಹೊತ್ತಿಗೆ ಬೀಜಕ್ಕೆ ದುಡ್ಡು ಬೇಕಾದಾಗ ಒಬ್ಬರ ಮನಸ್ಸನ್ನೇ ನಂಬಿ ಕೂರೋಕಾಗಲ್ಲ, ಅಲ್ವಾ? ಇವತ್ತು ಕೊಟ್ಟವರು ನಾಳೆ ಮುಖ ನೋಡಿ ಮಣೆ ಹಾಕಬಹುದು.

ನಿಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳವನ್ನೇ ನೋಡಿ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಆ ಕಾಯ್ದೆಯಡಿ ಹಳ್ಳಿ ಸಂಘಗಳಲ್ಲಿ ಹೊಣೆಗೆ ಮಿತಿ ಇರಲಿಲ್ಲ, ಅಂದರೆ ಸಂಘ ಮುಳುಗಿದರೆ ಅದರ ಸಾಲ ಎಲ್ಲ ಸದಸ್ಯರ ತಲೆ ಮೇಲೆ, ಹಾಗಾಗಿ ಯಾರಿಗೆ ಯಾಕೆ ದುಡ್ಡು ಬೇಕು, ತೀರಿಸುತ್ತಾರಾ ಅಂತ ಊರವರೇ ಕೂತು ವಿಚಾರ ಮಾಡಬೇಕಿತ್ತು. ಕಟ್ಟಿದವರ ಒಳ್ಳೆಯತನ ಹೀಗೆ ನಿಯಮವಾಯಿತು. ಅವರು ಇಲ್ಲದ ಕಾಲಕ್ಕೂ ಅದು ನಡೆಯಬಲ್ಲದು. ನನ್ನ ಪ್ರಕಾರ ಸಂಸ್ಥೆ ಅಂದರೆ ಇದೇ.

ಇನ್ನೊಂದು ಮಾತು. ಪಾಠದಲ್ಲಿ ಇದು ಧರ್ಮ, ಇದು ಶಿಕ್ಷಣ ಅಂತ ಬೇರೆ ಬೇರೆ ಮಾಡಿರುತ್ತಾರೆ. ಊರಲ್ಲಿ ಹಾಗಿರಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮ ಯಾವ ಗುಂಪಿಗೆ ಸೇರುತ್ತೆ ಹೇಳಿ? ಅದನ್ನು ನಡೆಸಿದ ಸಂಗೀತಗಾರರಾದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಅಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಪಾಠ ಎಲ್ಲ ಸಿಕ್ಕಿತು. ಮನೆ, ಶಾಲೆ, ಹೊಟ್ಟೆಪಾಡು ಮೂರರ ಕೆಲಸವನ್ನೂ ಒಂದು ಆಶ್ರಮ ಮಾಡಿತು.

ಹಾಗಂತ ಬೋರ್ಡ್ ಇದ್ದಲ್ಲೆಲ್ಲ ಕೆಲಸ ನಡೆಯುತ್ತೆ ಅಂತಲ್ಲ. ಸೊಸೈಟಿ ನಾಲ್ಕು ಮನೆಯವರ ಕೈಗೆ ಹೋದರೆ ಉಳಿದವರಿಗೆ ಸಾಲದ ಅಗತ್ಯವೇನೂ ತಪ್ಪಲ್ಲ, ಅವರು ಜಾಸ್ತಿ ಬಡ್ಡಿಯವರ ಹತ್ತಿರ ಹೋಗುತ್ತಾರೆ ಅಷ್ಟೇ. 2025ರ ಫೆಬ್ರುವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಿರುಕುಳ ತಡೆಯೋಕೆ ಅದು ಬೇಕಿತ್ತು, ಸರಿ. ಆದರೆ ಬಿತ್ತನೆಗೆ ದುಡ್ಡು ಎಲ್ಲಿಂದ ಅನ್ನೋದಕ್ಕೆ ಅದು ಉತ್ತರ ಅಲ್ಲ.

ಸುಮ್ನೆ ಉರು ಹೊಡೀಬೇಡಿ. ರಜೆಗೆ ಊರಿಗೆ ಹೋದಾಗ ಸೊಸೈಟಿಗೆ ಹೋಗಿ ಕೇಳಿ: ಸರ್ವಸಾಧಾರಣ ಸಭೆ ಯಾವಾಗ ಆಯಿತು? ಹೆಣ್ಣುಮಕ್ಕಳು ಎಷ್ಟು ಜನ ಸದಸ್ಯರಿದ್ದಾರೆ? ಹೊಲ ಇಲ್ಲದ ಕೂಲಿಯವರಿಗೆ ಸಾಲ ಸಿಗುತ್ತಾ?